ಗಿಳಿ ನನ್ನದಲ್ಲ, ಕೌದಿ ನನ್ನದು

ಮೊನ್ನೆ ಇವರ ಅಂಗಿಗೆ ಗುಂಡಿ ಹಚ್ಚಲು ಕೂತಿದ್ದೆ. ಗುಂಡಿ ಹಚ್ಚುವುದಕ್ಕೂ ಕೂರಬೇಕೇ, ಅದೇನು ಮಹಾ ವಿದ್ಯೆಯೇ ಎಂದು ನಿಮಗನಿಸಬಹುದು. ನಾನಂತೂ ಕೂರಲೇಬೇಕು. ಬೆಳಕಿಗೆ ಎದುರಾಗಿ, ಬಾಯಿ ಮುಚ್ಚಿಕೊಂಡು, ಹತ್ತಿರ ಯಾರೂ ಸುಳಿಯದಂತೆ ಕೂರಬೇಕು. ಬಿಸ್ಕೀಟಿನ ಹಳೆಯ ಡಬ್ಬಿಯಲ್ಲಿ ಬಿಳಿ ದಾರಕ್ಕಾಗಿ ತಡಕಾಡುವಾಗ ಗೇಣುದ್ದದ ನೀಲಿ ನೈಲಾನ್ ದಾರವೊಂದು ಬೆರಳಿಗೆ ಸುತ್ತಿಕೊಂಡು ಮೇಲೆ ಬಂತು. ಮೀನುಬಲೆ ಹೆಣೆಯುವ ದಾರ. ನಡುವೆ ಎರಡು ಗಂಟು, ಎರಡೂ ಸೊಟ್ಟ. ಆ ಗಂಟು ನಾನೇ ಹಾಕಿದ್ದೆಂದು ನೋಡಿದ ಕೂಡಲೇ ತಿಳಿಯಿತು. ಗುಂಡಿಯ ಕೆಲಸ ಅಲ್ಲಿಗೇ ನಿಂತಿತು. ಇವರು ಒಂದಷ್ಟು ಹೊತ್ತು ಕಾದು, ಬೇರೆ ಅಂಗಿ ಹಾಕಿಕೊಂಡು ಪೇಟೆಗೆ ಹೋದರು.

ಹೊಲಿಗೆಗೂ ನನಗೂ ಚಿಕ್ಕಂದಿನಿಂದ ಆಗಿಬಂದಿಲ್ಲ. ಕುಮಟೆಯಲ್ಲಿ ಆರನೆಯ ಇಯತ್ತೆ ಓದುವಾಗ ಶುಕ್ರವಾರ ಮಧ್ಯಾಹ್ನ ಹೊಲಿಗೆಯ ತಾಸು. ಹುಡುಗರಿಗೆಲ್ಲ ತೋಟದ ಕೆಲಸ, ನಮಗೆ ಸೂಜಿ. ಬಿಳಿ ಕರವಸ್ತ್ರದ ಮೂಲೆಯಲ್ಲಿ ಒಂದು ಲೇಜಿ ಡೇಜಿ ಹೂವು ಮಾಡಬೇಕು, ಅಂಚು ಮಡಚಿ ಹೊಲಿಯಬೇಕು. ವರ್ಷದ ಕೊನೆಗೆ ಅದೇ ಪರೀಕ್ಷೆ. ನಾನು ಕರವಸ್ತ್ರವನ್ನು ತೊಡೆಯ ಮೇಲೆ ಹರವಿಕೊಂಡು, ನಾಲಿಗೆ ಕಚ್ಚಿಕೊಂಡು, ಜನ್ಮದಲ್ಲಿ ಮೊದಲ ಬಾರಿಗೆ ಒಂದು ಹೂವನ್ನು ಪೂರ್ತಿ ಮುಗಿಸಿದೆ. ಅಕ್ಕೋರು, ಅಂದರೆ ನಮ್ಮ ಟೀಚರು, "ಆತಾ? ತಕ್ಕಂಡು ಬಾ" ಎಂದು ಕರೆದರು. ನಾನು ಹೆಮ್ಮೆಯಿಂದ ಎದ್ದು ಕರವಸ್ತ್ರ ಎತ್ತಿದೆ. ಅದರ ಜೊತೆಗೆ ನನ್ನ ಲಂಗವೂ ಮೇಲೆದ್ದು ಬಂತು. ಹೂವು ಎರಡನ್ನೂ ಸೇರಿಸಿಕೊಂಡೇ ಅರಳಿತ್ತು. ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಅಕ್ಕೋರು ಮಾತ್ರ ನಗದೆ ಕತ್ತರಿ ತಂದು, ನನ್ನನ್ನೂ ಕರವಸ್ತ್ರವನ್ನೂ ಬೇರೆ ಮಾಡಿ, "ಗಟ್ಟಿ ಹೊಲ್ದಿದ್ದಿ ಬಿಡು" ಎಂದು ಪಾಸು ಮಾಡಿದರು. ಒಳ್ಳೆಯ ಮನುಷ್ಯರು.

ನನ್ನ ಜೊತೆ ನಮ್ಮ ಮನೆಯಲ್ಲೇ ಬೆಳೆದ ಸುಮನಕ್ಕನದು ಬೇರೆಯೇ ಕತೆ. ಅವಳು ಚಿಕ್ಕಮ್ಮನ ಮಗಳು, ನನಗಿಂತ ಮೂರು ವರ್ಷ ದೊಡ್ಡವಳು. ಅವರ ಊರಿನಲ್ಲಿ ಹೈಸ್ಕೂಲು ಇಲ್ಲದ್ದರಿಂದ ನಮ್ಮಲ್ಲೇ ಇದ್ದು ಓದಿದಳು. ಅವಳ ಕೈಗೆ ಸಿಕ್ಕಿದ ಬಟ್ಟೆಯೆಲ್ಲ ಹೂವು, ಬಳ್ಳಿ. ರೇಡಿಯೋಕ್ಕೆ ಕ್ರೋಶಾದ ಹೊದಿಕೆ, ಕುರ್ಚಿಯ ಬೆನ್ನಿಗೆ ಹೂಬಳ್ಳಿ, ಮಣಿಯ ಹಂಸ. ಇವೆಲ್ಲಕ್ಕೂ ಕಳಶವಿಟ್ಟಂತೆ ಕ್ರಾಸ್ ಸ್ಟಿಚ್ಚಿನ ಜೋಡಿ ಗಿಳಿ. ಒಂದು ಮಳೆಗಾಲವಿಡೀ ಕೂತು ಮಾಡಿದ್ದು. ಆ ಗಿಳಿಗಳ ಕೊಕ್ಕಿನ ಕೆಂಪಿನಲ್ಲೇ ಮೂರು ಬಗೆಯ ಕೆಂಪು ಇತ್ತು. ಅದಕ್ಕೆ ಗಾಜು ಹಾಕಿಸಿ ಜಗುಲಿಯ ಗೋಡೆಗೆ ತೂಗುಹಾಕಿದ್ದೆವು, ಪಕ್ಕದಲ್ಲಿ ಹಂಸ, ಇನ್ನೊಂದು ಪಕ್ಕದಲ್ಲಿ ಗುಲಾಬಿ ಬುಟ್ಟಿ. ಅವಳು ಮದುವೆಯಾಗಿ ದಾಂಡೇಲಿಗೆ ಹೋಗುವಾಗ, "ಅಲ್ಲಿ ಒಂದೇ ಕೋಣೆ, ಎಲ್ಲಿ ಇಡೂದು? ಇಲ್ಲೇ ಇರ್ಲಿ, ಮನೆ ದೊಡ್ಡದಾದ ಮೇಲೆ ಒಯ್ತೆ" ಎಂದು ಬಿಟ್ಟುಹೋದಳು.

ಗಿಳಿಗಳು ಗೋಡೆಯ ಮೇಲಿದ್ದಾಗಲೇ ಹೊನ್ನಾವರದವರು ನನ್ನನ್ನು ನೋಡಲು ಬಂದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಡುಗ ತಾಲೂಕು ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ. ಹುಡುಗನ ತಾಯಿಗೆ ಮಾತು ಸಾಕಷ್ಟು. ಅವರು ಅವಲಕ್ಕಿ ತಿಂದರು, ಚಾ ಕುಡಿದರು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಎದ್ದು ಹೋಗಿ ಗಿಳಿಗಳ ಮುಂದೆ ನಿಂತರು. ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಇದು ಯಾರು ಮಾಡಿದ್ದು?"

ನಮ್ಮ ಆಯಿ, ಅಂದರೆ ಅಮ್ಮ, ಕೈಯಲ್ಲಿ ಚಾದ ತಟ್ಟೆ ಹಿಡಿದುಕೊಂಡೇ ಹೇಳಿದಳು: "ನಮ್ಮ ಹುಡುಗಿನೇ ಮಾಡಿದ್ದು."

"ಅದು ಸುಳ್ಳು ಹ್ಯಾಗಾಗ್ತದೆ? ಸುಮನಾನೂ ನಮ್ಮ ಹುಡುಗಿಯೇ ಅಲ್ವೆ?" ಎಂದು ಆಯಿ ಆಮೇಲೆ ಎಷ್ಟೋ ವರ್ಷ ವಾದಿಸಿದ್ದಾಳೆ. ಇರಬಹುದು. ಆದರೆ ಅಲ್ಲಿ ತಲೆ ತಗ್ಗಿಸಿ ಕಾಲ ಹೆಬ್ಬೆರಳು ನೋಡುತ್ತ ಸುಮ್ಮನೆ ನಿಂತವಳು ನಾನು. ಅದನ್ನು ನಾಚಿಕೆ ಎಂದು ತಿಳಿದ ಅವರು, "ಪಾಪ, ಹೊಗಳಿಕೆ ಆಗೂದಿಲ್ಲ ಕಾಣ್ತದೆ" ಎಂದರು. ಮದುವೆಯ ಮಾತು ಮುಗಿಸಿ ಹೊರಡುವಾಗ, "ಬೇರೆ ಎಂತ ತರದಿದ್ರೂ ಅಡ್ಡಿಲ್ಲ, ಆ ಗಿಳಿ ಒಂದು ತಕ್ಕಂಡು ಬಾ ತಂಗಿ" ಎಂದು ನನ್ನ ಗಲ್ಲ ಸವರಿದರು.

ಗಿಳಿ ಹೋಯಿತು, ಹಂಸ ಹೋಯಿತು, ಗುಲಾಬಿ ಬುಟ್ಟಿಯೂ ಹೋಯಿತು. ಸುಮನಕ್ಕ ಆಗ ದಾಂಡೇಲಿಯಲ್ಲಿ ಬಾಣಂತಿ, ನನ್ನ ಮದುವೆಗೆ ಬರಲಿಲ್ಲ. ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾನೂ ಆಯಿಯೂ ಹೇಳಲೇ ಇಲ್ಲ.

ಹೊನ್ನಾವರದ ಮನೆಯಲ್ಲಿ ಮೊದಲ ಒಂದು ವರ್ಷ ಗಿಳಿ ತೂಗುಹಾಕಿದ ಗೋಡೆಯ ಕಡೆ ಬೆನ್ನು ಹಾಕಿಯೇ ಓಡಾಡಿದೆ. ಅತ್ತೆ ಬಂದವರಿಗೆಲ್ಲ ಗಿಳಿ ತೋರಿಸುತ್ತಿದ್ದರು. ಯಾರಾದರೂ "ನಮಗೂ ಕಲಿಸಿಕೊಡಿ" ಎಂದರೆ ನನಗೆ ತಲೆನೋವು ಬರುತ್ತಿತ್ತು, ನಿಜವಾದ ತಲೆನೋವು. ಹೇಗೋ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ನಾದಿನಿ ಶಾಲಿನಿ ಚೊಚ್ಚಲ ಹೆರಿಗೆಗೆ ಅಂಕೋಲೆಯಿಂದ ತವರಿಗೆ ಬಂದಳು. ಬರುವಾಗ ಒಂದು ಇಂಗ್ಲಿಷ್ ಪತ್ರಿಕೆ ತಂದಳು. ಅದರ ನಡುಪುಟದಲ್ಲಿ ಹೊಳೆಯುವ ಕಾಗದದ ಮೇಲೆ ಒಂದು ಕೌದಿಯ ಚಿತ್ರ. ಹೊದೆಯುವ ಕೌದಿಯಲ್ಲ, ಗೋಡೆಗೆ ಕಟ್ಟುವಂಥದು. ತುಂಡು ಬಟ್ಟೆಗಳಲ್ಲೇ ಮನೆ, ಮರ, ಹಕ್ಕಿ. ಮೇಲೆ ಮಣಿ, ಲೇಸು, ಬಣ್ಣದ ದಾರದ ಕೆಲಸ.

"ಅತ್ತಿಗೆ, ಮಗುವಿನ ತೊಟ್ಟಿಲ ಹಿಂದೆ ಕಟ್ಟಲಿಕ್ಕೆ ಇಂಥದ್ದೊಂದು ಮಾಡಿಕೊಡು. ಗಿಳಿ ಮಾಡಿದವಳಿಗೆ ಇದೆಂತ ಮಹಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಮಾಡ್ತಾಳೆ ಬಿಡು. ಸೋದರಮಾವನ ಹೆಂಡ್ತಿ ಮಾಡದೆ ಮತ್ಯಾರು ಮಾಡ್ತಾರೆ?" ಎಂದು ತಮ್ಮ ಹಳೆಯ ವಾಯಿಲ್ ಸೀರೆಗಳ ಗಂಟನ್ನೇ ತಂದು ನನ್ನ ಮುಂದಿಟ್ಟರು. ನಾಮಕರಣಕ್ಕೆ ಹೆಚ್ಚೆಂದರೆ ಮೂರು ತಿಂಗಳು.

ಆ ಮೂರು ತಿಂಗಳನ್ನು ನೆನೆದರೆ ಈಗಲೂ ಬೆರಳ ತುದಿ ಚುರುಗುಡುತ್ತದೆ. "ಮುಗಿಯೂವರೆಗೆ ಯಾರಿಗೂ ತೋರ್ಸೂದಿಲ್ಲ" ಎಂದು ಹೇಳಿ ಮಧ್ಯಾಹ್ನ ಊಟವಾದ ಕೂಡಲೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಳಗೆ ಹೊಲಿಯುವುದು, ಬಿಚ್ಚುವುದು, ಅಳುವುದು, ಈ ಮೂರೇ ಕೆಲಸ. ನೀಲಿ ಸೀರೆಯಲ್ಲಿ ಶರಾವತಿ ಹೊಳೆ ಮಾಡಬೇಕೆಂದು ಹೊರಟೆ. ಹೊಳೆ ಎಂಬುದು ಸೊಟ್ಟ ಹರಿದರೂ ಯಾರೂ ಆಕ್ಷೇಪಿಸಲಾರರು ಎಂಬ ಲೆಕ್ಕಾಚಾರ. ಆದರೆ ನನ್ನ ಹೊಳೆ ಸುಕ್ಕುಗಟ್ಟಿ, ನಡುವೆ ಉಬ್ಬಿ, ಒಂದು ಬದಿ ಇನ್ನೊಂದಕ್ಕಿಂತ ಗೇಣು ಉದ್ದವಾಗಿ ಕೂತಿತು.

ಒಂದು ಬೆಳಿಗ್ಗೆ ಅತ್ತೆ ಪೇಟೆಗೆ ಹೋದಾಗ ಹಿತ್ತಿಲ ಮೆಟ್ಟಿಲ ಮೇಲೆ ಅದನ್ನೇ ಹರವಿಕೊಂಡು ಕೂತಿದ್ದೆ. ಮಾವಿನಕುರ್ವೆಯಿಂದ ಮೀನು ತರುವ ಮಾಸ್ತಮ್ಮ ಬುಟ್ಟಿ ಇಳಿಸಿ ಎದುರಿಗೆ ಕೂತಳು. ಐವತ್ತು ದಾಟಿದ ಹೆಂಗಸು, ಕಂಡದ್ದನ್ನು ಕಂಡ ಹಾಗೆ ಹೇಳುವವಳು.

"ಎಂತದೆ ತಂಗಿ, ಸೂಜಿ ಹಿಡ್ಕಂಡು ಅಳೂದು?"

ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿಬಿಟ್ಟೆ. ಗಿಳಿಯಿಂದ ಹಿಡಿದು ಹೊಳೆಯವರೆಗೆ. ಅವಳು ಎಲೆ ಅಡಿಕೆ ಜಗಿಯುತ್ತ ಪೂರಾ ಕೇಳಿದಳು. ಸಮಾಧಾನ ಹೇಳಲಿಲ್ಲ. ಕೌದಿಯನ್ನು ಎಳೆದುಕೊಂಡು ಉಲ್ಟಾ ಮಾಡಿ ನೋಡಿದಳು.

"ನೀ ಮೇಲಿನ ಬಟ್ಟೆ ಒಂದನ್ನೇ ಎಳೀತೆ. ಅಡಿದು ಅಲ್ಲೇ ಉಳೀತದೆ. ಮದ್ಲು ಮೂರೂ ಪದರ ಸೇರ್ಸಿ ಉದ್ದಕ್ಕೆ ದೊಡ್ಡ ದೊಡ್ಡ ಟಾಕಿ ಹಾಕು. ಕಡೆಗೆ ಸಣ್ಣದು ಹಾಕೂಲಕ್ಕು. ನಮ್ಮನೆ ಗೋದಡಿ ಎಲ್ಲ ನಾನೇ ಹೊಲೂದು, ಎಂತ ಮಹಾ ವಿದ್ಯೆ ಇದ್ದು ಅದ್ರಲ್ಲಿ?"

ಆ ಹೊತ್ತು ಅವಳು ಮೂರು ಸಾಲು ಹಾಕಿ ತೋರಿಸಿದಳು. ಮೀನಿನ ಕೈ ತೊಳೆದುಕೊಂಡೇ ಹಾಕಿದಳು, ಆದರೂ ಆ ಮೂಲೆಯಲ್ಲಿ ಬಹಳ ದಿನ ಸಣ್ಣಗೆ ಬಂಗಡೆಯ ವಾಸನೆ ಇತ್ತು. ಮುಂದಿನ ವಾರ ನೀಲಿ ನೈಲಾನ್ ದಾರವನ್ನೂ ಬಲೆ ಹೆಣೆಯುವ ಮರದ ಸೂಜಿಯನ್ನೂ ತಂದಳು. "ಹೊಳೆ ಮಾಡಿದ್ಮೇಲೆ ಬಲೆ ಬ್ಯಾಡ್ವಾ?" ಎಂದು ಅಂಗೈ ಅಗಲದ ಬಲೆ ಹೆಣೆಯಲು ಕಲಿಸಿದಳು. ನನ್ನ ಹತ್ತು ಗಂಟುಗಳಲ್ಲಿ ಏಳು ಜಾರಿಬಿಟ್ಟವು. "ನಿನ್ನ ಬಲೆಗೆ ಬಿದ್ದ ಮೀನು ಪುಣ್ಯ ಮಾಡಿದ್ದು" ಎಂದಳು.

ಹೊಳೆ, ಬಲೆ ಆಯಿತು. ಮೀನು ಬೇಕಲ್ಲ. ಮೀನೆಂದರೆ ಹೊಳೆಯಬೇಕು. ಆಗ ನೆನಪಾದವಳು ಭಟ್ಕಳದ ಮುಮ್ತಾಜ್. ಅವಳ ಅಪ್ಪನಿಗೆ ಮೊದಲು ಕುಮಟೆಯಲ್ಲಿ ಬಟ್ಟೆ ಅಂಗಡಿ ಇತ್ತು, ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಗಂಡ ದುಬೈಯಲ್ಲಿ. ಅವಳು ಅತ್ತೆಮನೆಯ ಮಹಡಿಯಲ್ಲಿ ಕೂತು ನೆಂಟರ ಮದುವೆಯ ಬಟ್ಟೆಗಳಿಗೆಲ್ಲ ಜರಿಯ ಕೆಲಸ ಮಾಡುತ್ತಿದ್ದಳು. "ಗೆಳತಿಗೆ ಹುಷಾರಿಲ್ಲ" ಎಂದು ಮನೆಯಲ್ಲಿ ಹೇಳಿ, ಕೌದಿಯನ್ನು ದೊಡ್ಡ ಚೀಲದಲ್ಲಿ ತುಂಬಿಕೊಂಡು, ಬುಧವಾರ ಬುಧವಾರ ಭಟ್ಕಳದ ಬಸ್ಸು ಹತ್ತತೊಡಗಿದೆ. ಒಂದು ಸುಳ್ಳು ನಿಲ್ಲಿಸಲು ಇನ್ನೊಂದು ಸುಳ್ಳಿನ ಊರುಗೋಲು.

ಮುಮ್ತಾಜ್ ನನ್ನ ಕತೆಯೆಲ್ಲ ಕೇಳಿ, ಕೌದಿ ನೋಡಿ ಹಣೆ ಹಣೆ ಬಡಿದುಕೊಂಡಳು. "ಎಂತ ಇದು ವಿಜಿ? ಕಾಲೇಜಲ್ಲಿ ನನ್ನ ನೋಟ್ಸು ನೋಡಿ ಬರೀತಿದ್ದೆ, ಈಗ ಗಿಳಿಯನ್ನೂ ಕದ್ದಿಯಾ?"

"ಬೈಬೇಡ್ವೆ. ಮೀನು ಮಾಡೂದು ಹೇಳಿಕೊಡು."

"ಮಾಡಿಕೊಡ್ತೇನೆ. ಎರಡು ದಿನದ ಕೆಲಸ."

ಅಲ್ಲಿ ನಾನೊಂದು ಮಾತು ಹೇಳಿದೆ, ಹೇಗೆ ಹೇಳಿದೆನೋ ನನಗೇ ತಿಳಿಯದು. "ಬೇಡ. ನೀ ಮಾಡಿದ್ರೆ ಅದೂ ಇನ್ನೊಂದು ಗಿಳಿಯಾಗ್ತದೆ. ನಾನೇ ಮಾಡ್ತೆ. ನೀ ಕಲಿಸು, ಸಾಕು."

ಅವಳು ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು ಎದುರಿಗಿಟ್ಟಳು. ನಾಲ್ಕು ಬುಧವಾರ, ಎರಡೇ ಮೀನು. ಅವಳ ಮದುವೆಯ ಬಟ್ಟೆಯಲ್ಲಿ ಉಳಿದ ಜರಿ ಅಂಚನ್ನು ಉಗುರಿನಷ್ಟಷ್ಟು ಕತ್ತರಿಸಿ, ಒಂದರ ಮೇಲೊಂದು ಕೂರುವಂತೆ ಹೊಲಿದು ಹುರುಪೆ ಮಾಡಿದೆ. ಕಣ್ಣಿಗೆ ಪುಟ್ಟ ಕನ್ನಡಿ ಚೂರು. "ಮಗುವಿನ ಕೈಗೆ ಸಿಕ್ಕದ ಎತ್ತರಕ್ಕೆ ಕಟ್ಟಿ ಮತ್ತೆ" ಎಂದು ಅವಳು ಪ್ರತಿ ಸಲ ಎಚ್ಚರಿಸುತ್ತಿದ್ದಳು. ಒಂದು ಮೀನು ಸ್ವಲ್ಪ ಏಡಿಯ ಹಾಗೆ ಕಾಣುತ್ತಿತ್ತು. ಮನೆಗೆ ಬಂದು ಗೋಣಿಯ ತುಂಡಿನಲ್ಲಿ ಮರಳು ದಂಡೆ ಮಾಡಿದೆ, ಹೊಳೆಯಾಚೆಯ ಕಾಸರಕೋಡಿನ ದಂಡೆಯಲ್ಲಿ ಆಯ್ದ ತೂತಿರುವ ಸಣ್ಣ ಚಿಪ್ಪುಗಳನ್ನು ಪೋಣಿಸಿದೆ. ಸೀರೆಗಳು ಸಾಲದೆ ನನ್ನವೇ ನಾಲ್ಕು ಸೀರೆ ಕತ್ತರಿಗೆ ಹೋದವು. ಹಸಿರು ಬೇಕಾದಲ್ಲೆಲ್ಲ ನನ್ನ ಹಸಿರು ಹೂವಿನ ಸೀರೆ, ದೋಣಿಗೆಲ್ಲ ಕಂದು ಸೀರೆ.

ಆ ದಿನಗಳಲ್ಲಿ ಮನೆಯಲ್ಲಿ ಏನೋ ಬದಲಾಗಿತ್ತು. ಅತ್ತೆ ನನ್ನ ಮೇಲೆ ತೀರ ಪ್ರೀತಿ ತೋರಿಸತೊಡಗಿದರು. ಬಾವಿಯಿಂದ ನೀರು ಸೇದಲು ಬಿಡುತ್ತಿರಲಿಲ್ಲ. ಸಾರಿನಲ್ಲಿ ಮೀನಿನ ದೊಡ್ಡ ಹೋಳು ನನ್ನ ತಟ್ಟೆಗೇ. "ನಿಂಗೆ ಎಂತ ಬೇಕು ಹೇಳು ತಂಗಿ, ಮನಸ್ಸಲ್ಲಿ ಇಟ್ಕಬೇಡ" ಎನ್ನುವರು. ಇಷ್ಟು ಒಳ್ಳೆಯವರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ನಾನು ಆ ಹೋಳನ್ನು ಮುಟ್ಟದೆಯೇ ಏಳುತ್ತಿದ್ದೆ. ಒಂದು ಸಂಜೆ ಇವರು ಜಗುಲಿಯ ಕಂಬಕ್ಕೆ ಒರಗಿ, ಬಹಳ ಹೊತ್ತು ಕೆಮ್ಮಿ, ಕೇಳಿದರು:

"ನಿಂಗೆ ಇಲ್ಲಿ ಬೇಜಾರಾ?"

ನನ್ನ ತಲೆಯಲ್ಲಿ ಮೀನಿನ ಬಾಲವಿತ್ತು. "ಇನ್ನೊಂದು ತಿಂಗಳು, ಅಷ್ಟೇ. ಕಡೆಗೆ ಎಲ್ಲ ಮುಗಿದುಹೋಗ್ತದೆ" ಎಂದೆ.

ಅವರ ಮುಖ ಕಪ್ಪಿಟ್ಟಿತು. ಯಾಕೆಂದು ನಾನು ಕೇಳಲಿಲ್ಲ. ಮರುದಿನದಿಂದ ಕಚೇರಿಯಿಂದ ಬರುವಾಗ ದಿನವೂ ಅಬ್ಬಲಿಗೆ ಮಾಲೆ ತರತೊಡಗಿದರು. ಮದುವೆಯಾಗಿ ಒಂದು ವರ್ಷದಲ್ಲಿ ಒಮ್ಮೆಯೂ ಹೂ ತಂದವರಲ್ಲ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹೂ ಮುಡಿದುಕೊಂಡು ಕೋಣೆಯ ಬಾಗಿಲು ಹಾಕಿಕೊಂಡೆ.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅತ್ತೆ ಮಾಸ್ತಮ್ಮನಿಗೆ, "ನಾಳೆಯಿಂದ ನೀ ಬರೂದು ಬೇಡ. ನಾವು ಪೇಟೆಯಲ್ಲೇ ಮೀನು ತಕ್ಕಂತೇವೆ" ಎಂದುಬಿಟ್ಟರು. ಹತ್ತು ವರ್ಷದಿಂದ ಮೀನು ತರುತ್ತಿದ್ದವಳು. ಮಾಸ್ತಮ್ಮ ಕಣ್ಣುಕಣ್ಣು ಬಿಟ್ಟಳು. ನನ್ನ ಸೊಟ್ಟ ಬಲೆಯನ್ನು ಸರಿಮಾಡಿ ತರುತ್ತೇನೆಂದು ಒಯ್ದಿದ್ದವಳು, ಎರಡು ದಿನ ಬಿಟ್ಟು ಅದನ್ನು ಕಾಗದದಲ್ಲಿ ಸುತ್ತಿ ಹಿತ್ತಿಲ ಬೇಲಿಯಾಚೆಯಿಂದ ನನ್ನ ಕೈಗೆ ದಾಟಿಸಿ ಹೋದಳು. ತಿರುಗಿ ನೋಡಿದರೆ ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ. ಕಿಟಕಿಯಿಂದ ಸರಿದುಹೋದರು.

ಶಾಲಿನಿಗೆ ಗಂಡುಮಗು ಆಯಿತು. ಹನ್ನೆರಡನೆಯ ದಿನ ನಾಮಕರಣ. ಕೌದಿ ಹಿಂದಿನ ದಿನ ಮುಗಿಯಿತು. ಬೆಳಿಗ್ಗೆ ತೊಟ್ಟಿಲ ಹಿಂದಿನ ಗೋಡೆಗೆ ಇವರೇ ಮೊಳೆ ಹೊಡೆದು ಕಟ್ಟಿದರು. ಕಟ್ಟಿ, ಹಿಂದೆ ಸರಿದು, "ಓ, ಇದು ನಿಜವಾಗ್ಲೂ ಇದೆ!" ಎಂದರು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಬಂದವರೆಲ್ಲ ಅದರ ಮುಂದೆ ನಿಂತು ಹೊಳೆ ನಮ್ಮದು, ಬಲೆ ನಿಜವಾದ್ದು ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗೆದ್ದೆ ಎಂದುಕೊಂಡೆ. ಆಗ ಫೋನು ಹೊಡೆದುಕೊಂಡಿತು.

ಕುಮಟೆಯ ಬಸ್‌ಸ್ಟ್ಯಾಂಡಿನಿಂದ ಆಯಿ. ಹಿಂದೆ ಕಂಡಕ್ಟರನ ಸೀಟಿ ಕೇಳುತ್ತಿತ್ತು.

"ವಿಜಿ, ಸುಮನಾ ನಿನ್ನೆ ದಾಂಡೇಲಿಯಿಂದ ಅವಳ ಆಯಿ ಮನೆಗೆ ಬಂದಿದ್ದಾಳೆ, ಈಗ ಇಲ್ಲಿ ಸಿಕ್ಕಿದಳು. ನಂಜೊತೆ ಅವಳೂ ಬರ್ತಾಳಂತೆ. ಬೇಡ ಹೇಳ್ಲಿಕ್ಕೆ ಆಗ್ಲಿಲ್ಲ. ಗಿಳಿ ತೆಗೆ."

ಮುಕ್ಕಾಲು ಗಂಟೆಯ ದಾರಿ. ಚಾವಡಿಗೆ ಓಡಿ ಮೂರೂ ಚೌಕಟ್ಟು ಇಳಿಸಿ ಅಕ್ಕಿಯ ಡಬ್ಬದ ಹಿಂದೆ ತುರುಕಿದೆ. ಗೋಡೆಯ ಮೇಲೆ ಮೂರು ಬಿಳಿ ಚೌಕ, ಮೂರು ಮೊಳೆ ಉಳಿದವು. ಹತ್ತು ನಿಮಿಷಕ್ಕೇ ಅತ್ತೆ ಬಂದರು.

"ಗೋಡೆ ಎಂತಕ್ಕೆ ಬೋಳು?"

"ಒರಸ್ಲಿಕ್ಕೆ ತೆಗೆದೆ."

"ಒರೆಸಿ ಆತಲ್ಲ, ಕೊಡು. ಜನ ಬರೂ ದಿವ್ಸ ಇಲ್ದೆ ಇನ್ಯಾವತ್ತಿಗೆ?" ಎಂದು ತಾವೇ ಸ್ಟೂಲು ಹತ್ತಿ, ಗಿಳಿಯನ್ನು ಮೊದಲಿಗಿಂತ ನೇರವಾಗಿ ತೂಗುಹಾಕಿದರು.

ಸುಮನಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದವಳು ನೇರ ಗಿಳಿಗಳನ್ನೇ ನೋಡಿದಳು. ಬಾಗಿಲಲ್ಲೇ ನಿಂತಳು. ಅವಳ ಹಿಂದೆ ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅತ್ತೆ ಸುಮನಕ್ಕನ ಕೈ ಹಿಡಿದು ಗೋಡೆಯ ಹತ್ತಿರ ಕರೆದೊಯ್ದರು.

"ನೋಡು, ನಿನ್ನ ತಂಗಿ ಕೈಕೆಲಸ. ನಿಮ್ಮನೆ ಹುಡುಗಿಯರಿಗೆಲ್ಲ ಹೀಗೇ ಬರ್ತದಾ?"

ಸುಮನಕ್ಕ ನನ್ನ ಕಡೆ ತಿರುಗಿದಳು. ಮೂರು ಬಗೆಯ ಕೆಂಪು ದಾರಕ್ಕಾಗಿ ಕುಮಟೆಯ ಅಂಗಡಿಗಳನ್ನೆಲ್ಲ ಸುತ್ತಿದವಳು ಅವಳು. ಜೊತೆಗೆ ಕೊಡೆ ಹಿಡಿದು ಹೋದವಳು ನಾನು. ಅವಳ ಕಣ್ಣಲ್ಲಿ ಸಿಟ್ಟು ಕಂಡಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಅವಳು ಅತ್ತೆಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಹೌದು. ಚಂದ ಮಾಡಿದ್ದಾಳೆ."

ಅದನ್ನು ತಡೆದುಕೊಳ್ಳಲು ಆಗಲಿಲ್ಲ. "ಇಲ್ಲ ಅತ್ತೆ" ಎಂದೆ. ಧ್ವನಿ ನನ್ನದೇ ಅಲ್ಲವೇನೋ ಎನ್ನುವಷ್ಟು ದೊಡ್ಡದಾಗಿ ಬಂತು. "ಅದು ನಾನು ಮಾಡಿದ್ದಲ್ಲ. ಗಿಳಿ, ಹಂಸ, ಗುಲಾಬಿ ಎಲ್ಲಾ ಸುಮನಕ್ಕನದ್ದು. ನಂಗೆ ಹೊಲಿಗೆ ಬರೂದಿಲ್ಲ. ನೀವು ನೋಡ್ಲಿಕ್ಕೆ ಬಂದ ದಿವ್ಸ ಸುಮ್ಮನೆ ನಿಂತಿದ್ದೆ, ಅವತ್ತೇ ಹೇಳಬೇಕಿತ್ತು."

ಅತ್ತೆ ನನ್ನನ್ನು ನೋಡಿದರು, ಗಿಳಿಯನ್ನು ನೋಡಿದರು, ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋದೆ. ಅವರು ಈಳಿಗೆಮಣೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದರು.

"ಅತ್ತೆ, ತಪ್ಪಾತು."

"ಇಷ್ಟೇನಾ?" ಎಂದರು.

"ಎಂತದು?"

"ನೀ ಬಾಗ್ಲು ಹಾಕ್ಕಂಡು ಅಳೂದು, ಬುಧವಾರ ಬುಧವಾರ ಚೀಲ ಹೊತ್ಕಂಡು ಹೋಗೂದು. ಇದಕ್ಕೇನಾ? ಬೇರೆ ಎಂತದೂ ಇಲ್ವಾ?"

"ಬೇರೆ ಎಂತ ಇರ್ತದೆ?"

"ನೀ ಮನೆ ಬಿಟ್ಟು ಹೋಗೂದಿಲ್ವಾ?"

ಆಮೇಲೆ ಅವರು ಒಂದೊಂದಾಗಿ ಹೇಳಿದರು. ನಾನಿಲ್ಲದಾಗ ಕೋಣೆಗೆ ಹೋಗಿ ನೋಡಿದರೆ ಕೌದಿಯ ಸುಳಿವಿಲ್ಲ. ಅದು ಭಟ್ಕಳಕ್ಕೆ ಹೋಗಿರುತ್ತಿತ್ತಲ್ಲ. ಕಪಾಟಿನಲ್ಲಿ ವಾರ ವಾರ ನನ್ನ ಸೀರೆ ಕಡಿಮೆ. ಕಣ್ಣು ಯಾವಾಗಲೂ ಕೆಂಪು. "ಶಾಲಿನಿ ಬಾಣಂತನಕ್ಕೆ ಬಂದದ್ದು ನಿಂಗೆ ಸೈರಿಸ್ಲಿಲ್ಲ ಅಂದ್ಕಂಡೆ. ಇಲ್ಲಾ, ಭಟ್ಕಳದಲ್ಲಿ ಎಲ್ಲೋ ನೌಕರಿ ನೋಡ್ಕಂಡು, ಸಾಮಾನು ಒಂದೊಂದೇ ಸಾಗಿಸ್ತಾಳೆ ಅಂದ್ಕಂಡೆ. ಆ ಮಾಸ್ತಮ್ಮ ನಿನ್ನ ಆಯಿ ಮನೆಗೆ ಸುದ್ದಿ ಮುಟ್ಟಿಸ್ತಾಳೆ ಹೇಳಿ ಅವಳನ್ನೂ ನಿಲ್ಲಿಸ್ದೆ. ಇವನ ಹತ್ರ ಕೇಳು ಅಂದ್ರೆ, ಇವ ಬಂದು ಮುಖ ಸಣ್ಣ ಮಾಡಿ, 'ಇನ್ನೊಂದು ತಿಂಗಳು ಅಂದಿದ್ದಾಳೆ ಆಯಿ' ಅಂದ!"

ಹೇಳುತ್ತ ಹೇಳುತ್ತ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಕೂತೆ. ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಅಲ್ಲೇ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಹೊರಗೆ ಕೇಳದ ಹಾಗೆ ನಕ್ಕೆವು. ಅಬ್ಬಲಿಗೆ ಮಾಲೆ, ಮೀನಿನ ದೊಡ್ಡ ಹೋಳು, ಎಲ್ಲಕ್ಕೂ ಅರ್ಥ ಬಂತು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದಂತಾಗಿ, ನನಗೆ ಒಮ್ಮೆಲೇ ಭಯಂಕರ ಹಸಿವಾಯಿತು. ಪಾತ್ರೆಯಿಂದ ಒಂದು ಕಡುಬು ತೆಗೆದು ಬಾಯಿಗೆ ಹಾಕಿಕೊಂಡೆ. ಅತ್ತೆ ಇನ್ನೊಂದು ಕೊಟ್ಟರು.

ಆಮೇಲೆ ಮುಖ ತೊಳೆದುಕೊಂಡು ಚಾವಡಿಗೆ ಬಂದವರೇ ಮೊದಲು ಹೋದದ್ದು ತೊಟ್ಟಿಲಿನ ಕಡೆಗೆ. "ಹಾಗಾದ್ರೆ ಈ ಕೌದಿ?"

"ಇದು ನಾನೇ. ಮಾಸ್ತಮ್ಮ ಟಾಕಿ ಹಾಕೂದು ಹೇಳಿಕೊಟ್ಟಳು, ಬಲೆ ರಿಪೇರಿ ಮಾಡಿಕೊಟ್ಟಳು. ಮುಮ್ತಾಜ್ ಜರಿ ಕೆಲಸ ಕಲಿಸಿದಳು. ಉಳಿದದ್ದೆಲ್ಲ ನನ್ನದೇ."

ಅತ್ತೆ ಕನ್ನಡಕ ಹಾಕಿಕೊಂಡು, ಹೊಳೆಯ ಉದ್ದಕ್ಕೂ ಬೆರಳಾಡಿಸಿ, ಏಡಿಯಂಥ ಮೀನಿನ ಮುಂದೆ ನಿಂತು, ಕೊನೆಗೆ ತೀರ್ಪು ಕೊಟ್ಟರು: "ಹೌದು, ಇದು ನಿಂದೇ. ಗಿಳಿ ಮಾಡಿದ ಕೈ ಇಷ್ಟು ಸೊಟ್ಟ ಹೋಗ್ಲಿಕ್ಕೆ ಸಾಧ್ಯವೇ ಇಲ್ಲ. ಬೆಳಿಗ್ಗೆಯಿಂದ ನಂಗೂ ಅದೇ ಸಂಶಯ."

ಮನೆಯೆಲ್ಲ ನಕ್ಕಿತು. ಆಯಿಯ ಕಡೆ ತಿರುಗಿ, "ನಿಮ್ಮ ಹತ್ರ ನಂದೊಂದು ಮಾತಿದೆ ಮತ್ತೆ" ಎಂದರು. ಆಯಿ, "ಸುಮನಾನೂ ನಮ್ಮ ಹುಡುಗಿಯೇ..." ಎಂದು ಶುರುಮಾಡಿದಳು.

ಸುಮನಕ್ಕ ಮಾತ್ರ ಗಿಳಿಗಳ ಮುಂದೆಯೇ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಕ್ಷಮೆ ಕೇಳಲು ಶಬ್ದ ಹುಡುಕುತ್ತಿದ್ದೆ. ಅವಳು ಗಾಜಿನ ಮೇಲೆ ಬೆರಳಿಟ್ಟು, "ಮಗು ಆದ ಮೇಲೆ ಸೂಜಿ ಮುಟ್ಟಿಲ್ಲ ವಿಜಿ. ನಂಗೆ ಇದು ಬರ್ತಿತ್ತು ಹೇಳೂದೇ ಮರೆತುಹೋಗಿತ್ತು" ಎಂದಳು.

"ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ. ಒಂದೆರಡು ದಿವ್ಸ ಇರ್ತದೆ" ಎಂದಳು. ಹೇಳಿ ನನ್ನ ಕೈ ಹಿಡಿದುಕೊಂಡು, ಬೆರಳ ತುದಿಯ ಸೂಜಿ ಗಾಯಗಳನ್ನು ಒಂದೊಂದಾಗಿ ನೋಡಿದಳು.

ಸಂಜೆ ಅತ್ತೆ ಮೂರೂ ಚೌಕಟ್ಟುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು. ಒಂದನ್ನಾದರೂ ಇಟ್ಟುಕೊಳ್ಳಿ ಎಂದು ಅವಳು ಹೇಳಬಹುದೆಂದು ನಾನು ಒಳಗೊಳಗೇ ಎಣಿಸಿದ್ದೆ. ಹೇಳಲಿಲ್ಲ. ಮೂರನ್ನೂ ಒಯ್ದಳು. ಸರಿಯಾದದ್ದೇ. ಬಸ್ಸಿನ ಕಿಟಕಿಯಲ್ಲಿ ಅವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದಳು. ಮಾಸ್ತಮ್ಮನಿಗೆ ಮರುದಿನವೇ ಹೇಳಿಕಳಿಸಲಾಯಿತು. ಅವಳು ಬಂದು, ಅತ್ತೆಗೆ ಸಾಕಷ್ಟು ಬೈದು, ತಾರ್ಲೆ ಮೀನು ಕೊಟ್ಟು ಹೋದಳು.

ವಾರದ ನಂತರ ಅತ್ತೆ ನನ್ನನ್ನು ಗುಡಿಗೆ ಹೊರಡಿಸಿದರು. ರಿಕ್ಷಾದಲ್ಲಿ ನಮ್ಮಿಬ್ಬರ ಕಾಲ ಬಳಿ ಒಂದು ಚೀಲ ತೆಂಗಿನಕಾಯಿ. ಕೇಳಿದರೆ, ಸೊಸೆ ಮನೆ ಬಿಟ್ಟು ಹೋಗದಿದ್ದರೆ ಇಪ್ಪತ್ತೊಂದು ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಿದ್ದರಂತೆ.

"ನಾ ಹೋಗೂಳೇ ಆಗಿರ್ಲಿಲ್ವಲ್ಲ ಅತ್ತೆ. ಹರಕೆ ಹ್ಯಾಂಗೆ ಲೆಕ್ಕಕ್ಕೆ ಬರ್ತದೆ?"

"ದೇವರ ಹತ್ರ ಚೌಕಾಶಿ ಮಾಡೂದಲ್ಲ. ಹೋಗ್ಲಿಲ್ಲ ಅಲ್ವಾ? ಮುಗೀತು."

ಭಟ್ಟರು ಒಂದೊಂದೇ ಕಾಯಿ ಒಡೆಯುತ್ತ ಹದಿನೈದರ ಹೊತ್ತಿಗೆ ಸುಸ್ತಾಗಿ, ಬೆವರು ಒರೆಸಿಕೊಂಡು ಕೇಳಿದರು: "ಇಷ್ಟು ದೊಡ್ಡ ಹರಕೆ ಎಂತಕ್ಕೆ ಅಮ್ಮಾ? ಮನೆಯಲ್ಲಿ ಎಂತ ಒಳ್ಳೇದಾತು?"

ಅತ್ತೆ ಸೆರಗು ಹೊದ್ದು ಕೈಮುಗಿದು ನಿಂತಿದ್ದವರು, ಸ್ವಲ್ಪವೂ ತಡವರಿಸದೆ ಹೇಳಿದರು:

"ನಮ್ಮ ಸೊಸೆಗೆ ಹೊಲಿಗೆ ಬರೂದಿಲ್ಲ ಹೇಳಿ ಗೊತ್ತಾತು ಭಟ್ರೆ. ಅದಕ್ಕೆ."

ಭಟ್ಟರು ಎತ್ತಿದ ಕಾಯಿಯನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದರು. ನಾನು ತಲೆಯೆತ್ತಿ, ಅವರ ಮುಖವನ್ನೇ ನೋಡುತ್ತ, ಹೌದೆಂದು ತಲೆಯಾಡಿಸಿದೆ.